ಜಾಯ್‌ಸ್ಟಿಕ್‌ನ ಗುಣ ಇರುವುದು ನಡುವಿನ ಎರಡು ಡಿಗ್ರಿಯಲ್ಲಿ: ಫ್ಲೈಟ್ ಸಿಮ್ಯುಲೇಟರ್‌ಗೆ ಕೋಲು ಆರಿಸುವುದು, ತಿದ್ದುವುದು, ಕಟ್ಟುವುದು

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಜಾಯ್‌ಸ್ಟಿಕ್ಕನ್ನು ಈ ಅಂಚಿನಿಂದ ಆ ಅಂಚಿಗೆ ಎಳೆಯುವ ಸಂದರ್ಭ ಕಡಿಮೆ. ರನ್‌ವೇಗೆ ಇಳಿಯುವಾಗ, ಇನ್ನೊಂದು ವಿಮಾನದ ರೆಕ್ಕೆಗೆ ರೆಕ್ಕೆ ಹೊಂದಿಸಿ ಹಾರುವಾಗ, ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವಾಗ ಕೈ ಆಡುವುದೆಲ್ಲ ನಡುವಿನ ಎರಡು ಮೂರು ಡಿಗ್ರಿಯೊಳಗೆ. ಕೋಲು ಒಳ್ಳೆಯದೋ ಅಲ್ಲವೋ ಎಂಬುದು ತೀರ್ಮಾನವಾಗುವುದೂ ಅಲ್ಲೇ. ಗುಂಡಿಗಳ ಸಂಖ್ಯೆ, ಬಣ್ಣದ ದೀಪ, ಅಸಲಿ ಯುದ್ಧವಿಮಾನದ ಹಿಡಿಯನ್ನೇ ಹೋಲುವ ಅಚ್ಚು, ಇವೆಲ್ಲ ಆಮೇಲಿನ ಮಾತು.

ಹಾಗಾಗಿ ಕೊಳ್ಳುವಾಗಲೂ ತಿದ್ದುವಾಗಲೂ ಬುಡದಿಂದ ಮೇಲಕ್ಕೆ ಯೋಚಿಸುವುದು ಲೇಸು. ಮೊದಲು ಗಿಂಬಲ್, ಆಮೇಲೆ ಸೆನ್ಸರ್, ಆಮೇಲೆ ಕೋಲಿನ ಉದ್ದ, ಕೊನೆಗೆ ಹಿಡಿ. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ. ಚಂದದ ಹಿಡಿಯನ್ನು ಲೊಡಲೊಡ ಎನ್ನುವ ಬುಡದ ಮೇಲೆ ಕೂರಿಸಿ, ವಿಮಾನ ನೆಟ್ಟಗೆ ಹಾರುತ್ತಿಲ್ಲ ಎಂದು ಸಾಫ್ಟ್‌ವೇರ್‌ನ ಸೆಟ್ಟಿಂಗ್ ತಿರುವುತ್ತಾ ಕೂರುತ್ತಾರೆ.

ಗಿಂಬಲ್ ಎಂಬ ಬುಡ

ಕೋಲನ್ನು ಎರಡು ದಿಕ್ಕಿಗೆ ವಾಲಲು ಬಿಟ್ಟು, ಕೈ ಬಿಟ್ಟಾಗ ನಡುವಿಗೆ ತರುವ ಯಂತ್ರಭಾಗವೇ ಗಿಂಬಲ್. ಅಗ್ಗದ ಕೋಲುಗಳಲ್ಲಿ ಕೋಲಿನ ಸುತ್ತ ಒಂದೇ ದೊಡ್ಡ ಸ್ಪ್ರಿಂಗ್ ಇರುತ್ತದೆ. ಅದು ಪ್ಲಾಸ್ಟಿಕ್ ತಟ್ಟೆಯೊಂದನ್ನು ಕೆಳಕ್ಕೆ ಒತ್ತಿಕೊಂಡಿರುತ್ತದೆ. ಕೋಲು ವಾಲಿದಾಗ ತಟ್ಟೆಯ ಒಂದು ಅಂಚು ಮೇಲೇಳುತ್ತದೆ. ರಚನೆ ಸರಳ, ಆದರೆ ಎರಡು ಕಾಯಿಲೆ ಹುಟ್ಟಿನಿಂದಲೇ ಬಂದಿರುತ್ತವೆ. ಸ್ಪ್ರಿಂಗ್ ಮೊದಲೇ ಅದುಮಿಕೊಂಡಿರುವುದರಿಂದ ನಡುಬಿಂದುವಿನಿಂದ ಹೊರಬರಲು ಒಂದು ಮಟ್ಟದ ಬಲ ಬೇಕು. ಆ ಮಟ್ಟ ದಾಟುವವರೆಗೆ ಕೋಲು ಕದಲುವುದಿಲ್ಲ, ದಾಟಿದ ಕೂಡಲೇ ಬೇಕಾದ್ದಕ್ಕಿಂತ ಹೆಚ್ಚು ಸರಿಯುತ್ತದೆ. ಎರಡನೆಯದು, ಎರಡೂ ಅಕ್ಷಗಳಿಗೆ ಒಂದೇ ಸ್ಪ್ರಿಂಗ್ ಆದ್ದರಿಂದ ಮೂಗನ್ನು ಮೇಲೆತ್ತಿ ಹಿಡಿದಿರುವಾಗ ಎಡಬಲಕ್ಕೆ ಆಡಿಸಿದರೆ ಅದರ ಭಾರವೂ ಬದಲಾಗಿರುತ್ತದೆ.

ಇದಕ್ಕೆ ಉಜ್ಜಾಟ ಸೇರಿದರೆ ಸಮಸ್ಯೆ ಇಮ್ಮಡಿ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಸರಿಯುತ್ತಿರುವ ವಸ್ತುವನ್ನು ಸರಿಸುತ್ತಿರಲು ಬೇಕಾದ ಬಲಕ್ಕಿಂತ ಹೆಚ್ಚು. ಬಿಗಿಯಾದ ಮೇಜಿನ ಡ್ರಾಯರ್ ಎಳೆದಾಗ ಬಾರದೆ, ಕೊನೆಗೆ ಒಮ್ಮೆಲೇ ಕೈಗೆ ಬರುತ್ತದಲ್ಲ, ಅದೇ ಕಥೆ. ಪರದೆಯ ಮೇಲೆ ಇದು ಕಾಣುವುದು ಮೂಗು ಗುರಿಯ ಆಚೆಗೂ ಈಚೆಗೂ ತೂಗಾಡುವ ರೂಪದಲ್ಲಿ. ನೋಡಿದವರಿಗೆ ‘ಸೂಕ್ಷ್ಮತೆ ಜಾಸ್ತಿಯಾಯಿತು’ ಅನ್ನಿಸುತ್ತದೆ. ಅಸಲಿಗೆ ಸೆನ್ಸರ್‌ಗೆ ಏನೂ ಆಗಿಲ್ಲ, ಅಂಟಿಕೊಂಡಿರುವುದು ಪ್ಲಾಸ್ಟಿಕ್.

ಉತ್ತಮ ಬುಡಗಳಲ್ಲಿ ಪ್ರತಿ ಅಕ್ಷಕ್ಕೂ ತನ್ನದೇ ದಂಡ, ತನ್ನದೇ ಬೇರಿಂಗ್, ತನ್ನದೇ ಸ್ಪ್ರಿಂಗ್. ದಂಡಕ್ಕೆ ಕ್ಯಾಮ್ ಎಂಬ ತಗ್ಗುಳ್ಳ ಬಿಲ್ಲೆ ಜೋಡಿಸಿರುತ್ತಾರೆ. ಸ್ಪ್ರಿಂಗ್ ಎಳೆದು ಹಿಡಿದ ಸಣ್ಣ ಬೇರಿಂಗ್ ಆ ತಗ್ಗಿನಲ್ಲಿ ಕೂತಿರುತ್ತದೆ. ತಗ್ಗು ಚೂಪಾಗಿದ್ದರೆ ನಡುಬಿಂದು ಕೈಗೆ ಸ್ಪಷ್ಟವಾಗಿ ತಾಗುತ್ತದೆ. ಬಟ್ಟಲಿನಂತೆ ಬಾಗಿದ್ದರೆ ಬಲ ಸೊನ್ನೆಯಿಂದ ನಿಧಾನವಾಗಿ ಏರುತ್ತದೆ, ನಡು ಎಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ. ವಿಕೆಬಿ ಕಂಪನಿಯ ಗನ್‌ಫೈಟರ್, ವರ್ಪಿಲ್ ಕಂಪನಿಯ ಮಂಗೂಸ್ಟ್ ಬುಡಗಳಲ್ಲಿ ಕ್ಯಾಮನ್ನೂ ಸ್ಪ್ರಿಂಗನ್ನೂ ಬದಲಾಯಿಸಿಕೊಳ್ಳಬಹುದು. ಸಣ್ಣ ತಿದ್ದುಪಡಿಯಲ್ಲೇ ಹಾರುವವರಿಗೆ ಬಾಗಿದ ಕ್ಯಾಮ್ ಒಪ್ಪುತ್ತದೆ. ಪ್ರಯಾಣಿಕ ವಿಮಾನದಲ್ಲಿ ಕೋಲು ಬಿಟ್ಟು ಬೇರೆ ಗುಂಡಿಗಳಿಗೆ ಕೈ ಚಾಚುವವರಿಗೆ ಚೂಪಿನದೇ ವಾಸಿ.

ಯಾವ ಕೋಲನ್ನಾದರೂ ಪರೀಕ್ಷಿಸಲು ಸುಲಭದ ದಾರಿಯೊಂದಿದೆ. ಅಕ್ಷದ ಬೆಲೆಯನ್ನು ಅಂಕಿಯಲ್ಲೇ ತೋರಿಸುವ ಉಪಕರಣ ತೆರೆಯಿರಿ. ಲಿನಕ್ಸ್‌ನಲ್ಲಿ ಇವಿಟೆಸ್ಟ್ ಸಾಕು. ವಿಂಡೋಸ್‌ನ ಸ್ವಂತ ಗೇಮ್ ಕಂಟ್ರೋಲರ್ ಕಿಟಕಿ ಬರೀ ಕೂಡು ಗುರುತು ತೋರಿಸುತ್ತದೆ, ಇದಕ್ಕೆ ಸಾಲದು. ಕೋಲನ್ನು ಮುಂದೆ ತಳ್ಳಿ ಕೈಯಲ್ಲೇ ಹಿಡಿದು ನಿಧಾನವಾಗಿ ನಡುವಿಗೆ ಬಿಡಿ, ನಿಂತ ಅಂಕಿ ಬರೆದುಕೊಳ್ಳಿ. ಹಿಂದೆ, ಎಡಕ್ಕೆ, ಬಲಕ್ಕೆ ಹಾಗೆಯೇ ಮಾಡಿ. ಒಂದೇ ಅಕ್ಷದ ಎರಡು ಅಂಕಿಗಳ ಅಂತರ ಒಟ್ಟು ಹರವಿನ ಶೇಕಡಾ ಅರ್ಧದೊಳಗಿದ್ದರೆ ಬುಡ ಚೆನ್ನಾಗಿದೆ. ಶೇ 2 ದಾಟಿದರೆ ಎಲ್ಲೋ ಉಜ್ಜಾಟವಿದೆ ಅಥವಾ ಸ್ಪ್ರಿಂಗ್ ಸೋತಿದೆ. ಆಮೇಲೆ ಎರಡು ಬೆರಳಲ್ಲಿ ಹಿಡಿತುದಿಯನ್ನು ಒಂದೆರಡು ಮಿಲಿಮೀಟರ್ ಆಡಿಸಿ. ಹಿಡಿ ಅಲುಗಿಯೂ ಅಂಕಿ ಅಲುಗದಿದ್ದರೆ ಅದು ಸಡಿಲ. ಸಡಿಲಕ್ಕೆ ಗ್ರೀಸ್ ಮದ್ದಲ್ಲ, ಉಜ್ಜಾಟಕ್ಕೆ ಸ್ಕ್ರೂ ಬಿಗಿಸುವುದು ಮದ್ದಲ್ಲ. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿಕೊಂಡೇ ಕೈ ಹಾಕಬೇಕು.

ಸೆನ್ಸರ್ ಮತ್ತು ‘ಬಿಟ್’ಗಳ ಲೆಕ್ಕ

1981ರ ಐಬಿಎಂ ಪಿಸಿಯ ಗೇಮ್ ಪೋರ್ಟ್ ಕಾಲದಿಂದ ಬಂದದ್ದು ಪೊಟೆನ್ಶಿಯೋಮೀಟರ್, ಬಾಯಿಮಾತಿನಲ್ಲಿ ಪಾಟ್. ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆ ಸವರಿಕೊಂಡು ಹೋಗುತ್ತದೆ. ಸವರಿದಷ್ಟೂ ಸವೆತ, ಸವೆಯುವುದೂ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ನಡುಭಾಗವೇ. ಅದಕ್ಕೇ ಹಳೆಯ ಕೋಲುಗಳಲ್ಲಿ ನಡುವಿನಲ್ಲಿ ಅಂಕಿ ದಿಢೀರ್ ಎಗರುತ್ತದೆ, ಅಂಚಿನಲ್ಲಿ ಎಲ್ಲ ಸರಿಯಾಗಿರುತ್ತದೆ.

ಹಾಲ್ ಸೆನ್ಸರ್ ಕಾಂತಕ್ಷೇತ್ರವನ್ನು ಅಳೆದು ವೋಲ್ಟೇಜಾಗಿ ಕೊಡುತ್ತದೆ. ಯಾವುದೂ ಯಾವುದಕ್ಕೂ ತಾಗುವುದಿಲ್ಲ, ಹಾಗಾಗಿ ಸವೆತವಿಲ್ಲ. ಆದರೆ ‘ಹಾಲ್ ಸೆನ್ಸರ್ ಇದೆ’ ಎಂಬ ಒಂದೇ ಮಾತಿಗೆ ಮರುಳಾಗಬೇಡಿ. ಬಿಟ್ ಎಂದರೆ ಸೆನ್ಸರ್‌ನ ಹರವನ್ನು ಎಷ್ಟು ಮೆಟ್ಟಿಲಾಗಿ ಒಡೆದಿದೆ ಎಂಬ ಅಳತೆ. ಪೆಟ್ಟಿಗೆಯ ಮೇಲೆ ಬರೆದ ಬಿಟ್ ಸಂಖ್ಯೆಗಿಂತ ಮುಖ್ಯವಾದದ್ದು, ನಿಮ್ಮ ಕೈಯ ಚಲನೆ ಆ ಹರವಿನಲ್ಲಿ ಎಷ್ಟು ಮೆಟ್ಟಿಲನ್ನು ನಿಜವಾಗಿ ಬಳಸುತ್ತದೆ ಎಂಬುದು.

ಲೆಕ್ಕ ಹಾಕಿ ನೋಡಿ. ಸಾಮಾನ್ಯ ಕೋಲು ಆ ಕಡೆ 20, ಈ ಕಡೆ 20, ಒಟ್ಟು 40 ಡಿಗ್ರಿ ವಾಲುತ್ತದೆ. ಪಾಟ್ ತಿರುಗುವುದು ಸುಮಾರು 270 ಡಿಗ್ರಿ. ಪಾಟನ್ನು ನೇರವಾಗಿ ದಂಡಕ್ಕೆ ಕೂರಿಸಿದರೆ ಅದರ ಹರವಿನಲ್ಲಿ ಬಳಕೆಯಾಗುವುದು ಏಳನೇ ಒಂದು ಭಾಗ. 10 ಬಿಟ್‌ನ 1024 ಮೆಟ್ಟಿಲಲ್ಲಿ ಸಿಗುವುದು 151 ಮಾತ್ರ. ಒಂದಕ್ಕೆ ನಾಲ್ಕರಂತೆ ಗೇರ್ ಹಾಕಿದರೆ 600 ದಾಟುತ್ತದೆ, ಜೊತೆಗೆ ಗೇರ್‌ನ ಹಲ್ಲುಗಳ ಸಡಿಲವೂ ಬರುತ್ತದೆ.

ಹಾಲ್‌ಗೂ ಇದೇ ಲೆಕ್ಕ. ಎಸ್‌ಎಸ್49ಇ ಎಂಬ ಅಗ್ಗದ ಸೆನ್ಸರ್ 5 ವೋಲ್ಟಿನಲ್ಲಿ ಪ್ರತಿ ಗೌಸ್‌ಗೆ (ಕಾಂತಕ್ಷೇತ್ರದ ಅಳತೆ) ಸುಮಾರು 1.4 ಮಿಲಿವೋಲ್ಟ್ ಕೊಡುತ್ತದೆ. 10 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪದ ಎರಡು ನಿಯೋಡಿಮಿಯಂ ಬಿಲ್ಲೆಗಳನ್ನು 10 ಮಿ.ಮೀ. ಅಂತರದಲ್ಲಿ, ಒಂದರ ಉತ್ತರ ಧ್ರುವ ಇನ್ನೊಂದರ ದಕ್ಷಿಣಕ್ಕೆ ಎದುರಾಗುವಂತೆ ಇಟ್ಟರೆ ನಡುವೆ ಸುಮಾರು 1600 ಗೌಸ್ ಸಿಗುತ್ತದೆ. ಕ್ಷೇತ್ರ ಸೊನ್ನೆ ಕಾಣುವ ಕೋನದಲ್ಲಿ ಸೆನ್ಸರ್ ನಿಲ್ಲಿಸಿ 20 ಡಿಗ್ರಿ ತಿರುಗಿಸಿದರೆ ಅದಕ್ಕೆ ತಾಗುವುದು ಆ ಕೋನದ ಸೈನ್‌ನಷ್ಟು, ಅಂದರೆ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, 550 ಗೌಸ್. ಎರಡೂ ಕಡೆ ಸೇರಿ ಒಂದೂವರೆ ವೋಲ್ಟ್ ಏರಿಳಿತ. 10 ಬಿಟ್‌ನಲ್ಲಿ 300ರ ಆಸುಪಾಸು ಮೆಟ್ಟಿಲು. ಅದೇ ಜಾಗದಲ್ಲಿ ಗೌಸ್‌ಗೆ 3.125 ಮಿಲಿವೋಲ್ಟ್ ಕೊಡುವ ಎಸ್‌ಎಸ್495ಎ ಇಟ್ಟರೆ 700 ಮೆಟ್ಟಿಲು. ಸೈನ್ ರೇಖೆ ನೇರವಲ್ಲವಲ್ಲ ಎಂಬ ಚಿಂತೆ ಬೇಡ: 20 ಡಿಗ್ರಿಯಲ್ಲಿ ವ್ಯತ್ಯಾಸ ಶೇ 2, 30ರಲ್ಲೂ ಶೇ 5ರೊಳಗೆ.

ಇನ್ನೊಂದು ಬಲೆ ಎಎಸ್5600. ಇದು ಕೋನವನ್ನೇ ನೇರವಾಗಿ ಅಳೆಯುವ 12 ಬಿಟ್ ಚಿಪ್, ಮನೆಯಲ್ಲೇ ಕೋಲು ಕಟ್ಟುವವರ ಅಚ್ಚುಮೆಚ್ಚು. ಆದರೆ ಆ 4096 ಮೆಟ್ಟಿಲು ಪೂರ್ತಿ 360 ಡಿಗ್ರಿಗೆ ಹಂಚಿದ್ದು. ನಿಮ್ಮ 40 ಡಿಗ್ರಿಗೆ ಬರುವ ಪಾಲು 455. ಎಸ್‌ಎಸ್49ಇಗೆ 12 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಕೊಟ್ಟರೆ 1200 ದಾಟುತ್ತದೆ, ಅಂದರೆ ಹಳೆಯ ಸರಳ ಸೆನ್ಸರೇ ಇಲ್ಲಿ ಗೆಲ್ಲುತ್ತದೆ. ಕೋನದ ಚಿಪ್ಪೇ ಬೇಕೆಂದರೆ 14 ಬಿಟ್‌ನ ಎಎಸ್5048ಎ ನೋಡಿ. 40 ಡಿಗ್ರಿಗೆ 1800 ಮೆಟ್ಟಿಲು ಕೊಡುತ್ತದೆ.

ಆರಿಸುವಾಗ

ಯಾವ ವಿಮಾನ ಹಾರಿಸುತ್ತೀರಿ ಎಂಬುದು ಮೊದಲ ಪ್ರಶ್ನೆ. ಸೆಸ್ನಾದಂಥ ಸಣ್ಣ ವಿಮಾನಗಳಲ್ಲಿ ಬಹುಪಾಲು ಇರುವುದು ಸ್ಟೀರಿಂಗ್‌ನಂಥ ಯೋಕ್, ಕೋಲಲ್ಲ. ಏರ್‌ಬಸ್‌ಗೆ ಪಕ್ಕದಲ್ಲಿಡುವ ಗಿಡ್ಡ ಕೋಲು ಸಾಕು. ಅಸಲಿ ಏರ್‌ಬಸ್‌ನಲ್ಲೂ ಅದು ಸ್ಪ್ರಿಂಗ್‌ನಿಂದ ನಡುವಿಗೆ ಬರುವ ಕೋಲೇ, ರೆಕ್ಕೆಯ ಮೇಲಿನ ಗಾಳಿಯ ಒತ್ತಡ ಅದಕ್ಕೆ ತಾಗುವುದಿಲ್ಲ. ಹಾಗಾಗಿ ಮೇಜಿನ ಮೇಲಿನ ಕೋಲಿಗೆ ಇಷ್ಟು ಹತ್ತಿರ ಬರುವ ವಿಮಾನ ಇನ್ನೊಂದಿಲ್ಲ. ಎಫ್-16 ಯುದ್ಧವಿಮಾನದ ಕೋಲು ಮೊದಲು ಅಲುಗುತ್ತಲೇ ಇರಲಿಲ್ಲ, ಬರೀ ಒತ್ತಡ ಅಳೆಯುತ್ತಿತ್ತು. ಪೈಲಟ್‌ಗಳಿಗೆ ಕೈಯಲ್ಲಿ ಏನೂ ತಿಳಿಯುವುದಿಲ್ಲವೆಂದು ಆಮೇಲೆ ಕೆಲವೇ ಮಿಲಿಮೀಟರ್ ಆಡುವಂತೆ ಮಾಡಿದರು. ಎರಡನೇ ಮಹಾಯುದ್ಧದ ವಿಮಾನಗಳು ಮತ್ತು ಹೆಲಿಕಾಪ್ಟರ್‌ಗಳ ಮಾತೇ ಬೇರೆ. ಅಲ್ಲಿ ಕಾಲುಗಳ ನಡುವೆ ನೆಲದಿಂದೆದ್ದು ಬರುವ ಉದ್ದನೆಯ ಕೋಲು ಇಲ್ಲದೆ ಮಜವಿಲ್ಲ.

ಎರಡನೆಯದು ರಡ್ಡರ್, ಅಂದರೆ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ. ಪೆಡಲ್ ಇಲ್ಲದಿದ್ದರೆ ತಿರುಚುವ ಹಿಡಿ ಬೇಕು. ಆದರೆ ತಿರುಚುವಾಗ ಮಣಿಕಟ್ಟು ತನಗರಿವಿಲ್ಲದೆ ಎಡಬಲಕ್ಕೂ ಎಳೆಯುತ್ತದೆ, ರಡ್ಡರ್ ಜೊತೆಗೆ ರೆಕ್ಕೆಯೂ ವಾಲುತ್ತದೆ. ಮುಂದೆ ಪೆಡಲ್ ಕೊಳ್ಳುವ ಯೋಚನೆಯಿದ್ದರೆ ತಿರುಚನ್ನು ಬೀಗ ಹಾಕಿ ನಿಲ್ಲಿಸಬಹುದಾದ ಮಾದರಿ ತೆಗೆದುಕೊಳ್ಳಿ.

ಥ್ರಸ್ಟ್‌ಮಾಸ್ಟರ್ ಟಿ.16000ಎಂ ಮೊದಲ ಕೋಲಾಗಿ ಈಗಲೂ ಯೋಗ್ಯ. ಎರಡು ಮುಖ್ಯ ಅಕ್ಷಗಳಿಗೆ ಹಾಲ್ ಸೆನ್ಸರ್, 16,384 ಮೆಟ್ಟಿಲು, ಎಡಗೈಗೂ ಹೊಂದುತ್ತದೆ. ತಿರುಚಿಗೆ ಮಾತ್ರ ಪಾಟ್ ಇದೆ, ಬೇಗ ನಡುಗಲು ಶುರುವಾಗುವುದೂ ಅದೇ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ವಿಕೆಬಿ ಗ್ಲಾಡಿಯೇಟರ್ ಎನ್‌ಎಕ್ಸ್‌ಟಿ: ಪ್ರತಿ ಅಕ್ಷಕ್ಕೂ ಬೇರೆ ಸ್ಪ್ರಿಂಗ್, ಅವನ್ನು ಬದಲಿಸಲೂ ಬಹುದು. ಥ್ರಸ್ಟ್‌ಮಾಸ್ಟರ್ ವಾರ್ಟ್‌ಹಾಗ್ ಎ-10 ಯುದ್ಧವಿಮಾನದ ಹಿಡಿಯ ಪ್ರತಿರೂಪ. ಲೋಹದ ಹಿಡಿ, ಒಳ್ಳೆಯ ಸೆನ್ಸರ್. ಬುಡ ಮಾತ್ರ ಸರಿಯುವ ತಟ್ಟೆಯ ಹಳೆ ಪದ್ಧತಿಯದು, ತಿರುಚೂ ಇಲ್ಲ. ಆಯ್ಕೆ ಕೈಯಲ್ಲಿದ್ದರೆ ಸಾದಾ ಹಿಡಿಯ ಒಳ್ಳೆ ಬುಡವೇ ಉತ್ತಮ. ಹಿಡಿಯನ್ನು ಆಮೇಲೆ ಬದಲಿಸಬಹುದು.

ಗುಂಡಿಗಳ ವಿಷಯದಲ್ಲಿ ಒಂದೇ ಮಾತು: ಒಟ್ಟು ಸಂಖ್ಯೆ ನೋಡಬೇಡಿ, ಹೆಬ್ಬೆರಳು ಎತ್ತದೆ ಮುಟ್ಟಬಹುದಾದ ಹ್ಯಾಟ್ ಸ್ವಿಚ್‌ಗಳನ್ನು (ಹಲವು ದಿಕ್ಕಿಗೆ ಒತ್ತಬಹುದಾದ ಸಣ್ಣ ಗುಂಡಿಗಳನ್ನು) ಎಣಿಸಿ. ಯುದ್ಧವಿಮಾನಕ್ಕೆ ಮೂರು ನಾಲ್ಕು ಬೇಕು, ಪ್ರಯಾಣಿಕ ವಿಮಾನಕ್ಕೆ ಒಂದು ಸಾಕು.

ಇರುವುದನ್ನು ತಿದ್ದುವುದು

ಗ್ರೀಸ್‌ನಿಂದ ಶುರು ಮಾಡಿ, ಏಕೆಂದರೆ ಅದರಲ್ಲಿ ಕೆಡುವುದು ಕಡಿಮೆ. ಬುಡ ಬಿಚ್ಚಿ, ಹಳೆಯ ಜಿಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಪೂರ್ತಿ ಒರೆಸಿ. ಪೆಟ್ರೋಲಿಯಂ ಜೆಲ್ಲಿ, ವಾಹನದ ಗ್ರೀಸ್ ಕೆಲವು ಪ್ಲಾಸ್ಟಿಕ್ಕುಗಳನ್ನು ಬಿರುಕು ಬಿಡಿಸುತ್ತವೆ. ಪ್ಲಾಸ್ಟಿಕ್‌ಗೆ ಹೊಂದುವ ಕೃತಕ ಗ್ರೀಸ್ ಬಳಸಿ. ವಾರ್ಟ್‌ಹಾಗ್ ಬಳಸುವವರಲ್ಲಿ ಹೆಸರಾದ ನೈಯೊಜೆಲ್ 767ಎ ಇಂಥದ್ದೇ. ಅದು ಗಟ್ಟಿ ಜೇನಿನಂತಿರುವುದರಿಂದ ಚಲನೆ ಮೃದುವಾಗುತ್ತದೆ, ಕೋಲು ನಡುವಿಗೆ ಬಂದು ಅದುರುವುದೂ ನಿಲ್ಲುತ್ತದೆ. ತೆಳುವಾಗಿ ಸವರಿ. ಹೆಚ್ಚಾದರೆ ಕೋಲು ನಡುವಿಗೆ ಬರುವುದೇ ನಿಧಾನವಾಗುತ್ತದೆ.

ಪಾಟ್ ನಡುಗುತ್ತಿದ್ದರೆ ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಒಳಗೆ ಚಿಮ್ಮಿಸಿ, ದಂಡವನ್ನು ಅಂಚಿನಿಂದ ಅಂಚಿಗೆ ಮೂವತ್ತು ನಲವತ್ತು ಸಲ ತಿರುಗಿಸಿ. ಕೊಳೆಯಿಂದಾದ ನಡುಕ ಇದರಿಂದ ಹೋಗುತ್ತದೆ, ಸವೆತದಿಂದಾದದ್ದು ಹೋಗುವುದಿಲ್ಲ. ಕೆಲವೇ ವಾರಗಳಲ್ಲಿ ಮರಳಿ ಬಂದರೆ ಪಾಟ್ ತೆಗೆದು ಹಾಲ್ ಸೆನ್ಸರ್ ಹಾಕುವ ಕಾಲ ಬಂತು ಎಂದರ್ಥ.

ಆ ಬದಲಾವಣೆಗೆ ಮೊದಲು ಪಾಟ್‌ಗೆ ಎಷ್ಟು ತಂತಿ ಬಂದಿವೆ ನೋಡಿ. ಮೂರಿದ್ದರೆ ಎರಡು ತುದಿಯವು 5 ವೋಲ್ಟ್ ಮತ್ತು ನೆಲ (ಗ್ರೌಂಡ್), ನಡುವಿನದು ಸಂಕೇತ. ಮಲ್ಟಿಮೀಟರ್ ಹಿಡಿದು ಖಚಿತ ಮಾಡಿಕೊಳ್ಳಿ. ಎರಡೇ ತಂತಿಯಿದ್ದರೆ ಅದು ಗೇಮ್ ಪೋರ್ಟ್ ಕಾಲದ ಪದ್ಧತಿ, ರೋಧವನ್ನಷ್ಟೇ ಅಳೆಯುತ್ತದೆ. ಅಲ್ಲಿ ಹಾಲ್ ನೇರವಾಗಿ ಕೂರದು, ಒಳಗಿನ ಬೋರ್ಡನ್ನೇ ಬದಲಿಸಬೇಕು.

ಪಾಟ್ ಕೂತ ಜಾಗದಲ್ಲಿ ಎರಡು ಮ್ಯಾಗ್ನೆಟ್‌ಗಳನ್ನು ಯು ಆಕಾರದ ಚೌಕಟ್ಟಿನಲ್ಲಿ ಎದುರುಬದುರಾಗಿಸಿ ದಂಡಕ್ಕೆ ಜೋಡಿಸಿ. ಸೆನ್ಸರ್ ಬುಡದ ಗೋಡೆಗಂಟಿ ಅಲುಗದೆ ಅವುಗಳ ನಟ್ಟನಡುವೆ ನಿಲ್ಲಬೇಕು. ಎಸ್‌ಎಸ್49ಇಯ ಬರಹವಿರುವ ಮುಖ ನಿಮ್ಮ ಕಡೆಗಿದ್ದರೆ ಎಡದಿಂದ ಕಾಲುಗಳು ಕ್ರಮವಾಗಿ ವಿದ್ಯುತ್, ನೆಲ, ಸಂಕೇತ. ವಿದ್ಯುತ್ತೂ ನೆಲವೂ ಅದಲುಬದಲಾದರೆ ಸೆನ್ಸರ್ ಸುಟ್ಟುಹೋಗುತ್ತದೆ. ಎರಡು ಬಿಡಿ ಸೆನ್ಸರ್ ಇಟ್ಟುಕೊಂಡೇ ಬೆಸುಗೆಗೆ ಕೂತುಕೊಳ್ಳಿ. ಕಾಲುಗಳ ನಡುವೆ, ವಿದ್ಯುತ್ ಮತ್ತು ನೆಲಕ್ಕೆ, 0.1 ಮೈಕ್ರೊಫ್ಯಾರಡ್‌ನ ಸೆರಾಮಿಕ್ ಕೆಪ್ಯಾಸಿಟರ್ ಬೆಸೆಯಿರಿ.

ಕೋಲು ನಡುವಿನಲ್ಲಿರುವಾಗ ಸಂಕೇತದ ತಂತಿಯಲ್ಲಿ 2.5 ವೋಲ್ಟ್ ಬರುವವರೆಗೆ ಸೆನ್ಸರನ್ನು ತುಸು ತುಸುವೇ ತಿರುಗಿಸಿ. ಬಂದ ಮೇಲೆ ಮೊದಲು ಬಿಸಿ ಅಂಟಿನ ಒಂದು ಹನಿ, ಎರಡೂ ಅಂಚಿಗೆ ಕೋಲು ವಾಲಿಸಿ ಏರಿಳಿತ ಸಮವಾಗಿದೆಯೇ ನೋಡಿ, ಆಮೇಲೆ ಎಪಾಕ್ಸಿ. ಸೂಪರ್ ಗ್ಲೂ ಬೇಡ. ಅದು ತೆಳ್ಳಗೆ ಹರಿದು ಬೇರಿಂಗ್‌ಗೆ ನುಗ್ಗುತ್ತದೆ. ಸುತ್ತ ಕಬ್ಬಿಣದ ಸ್ಕ್ರೂ ಇದ್ದರೆ ಹಿತ್ತಾಳೆಯದಕ್ಕೋ ನೈಲಾನ್‌ನದಕ್ಕೋ ಬದಲಿಸಿ. ಉಕ್ಕಿನ ಸ್ಪ್ರಿಂಗ್ ಮ್ಯಾಗ್ನೆಟ್‌ನ ಪಕ್ಕದಲ್ಲೇ ಹಿಗ್ಗಿ ಕುಗ್ಗುತ್ತಿದ್ದರೆ ನಡುಬಿಂದು ಕೋಲಿನ ಜೊತೆಗೇ ಓಡಾಡುತ್ತದೆ. ಈ ದೋಷವನ್ನು ಯಾವ ಕ್ಯಾಲಿಬ್ರೇಶನ್ನೂ ಸರಿಮಾಡದು. ಎರಡು ಅಕ್ಷಗಳ ಮ್ಯಾಗ್ನೆಟ್‌ಗಳ ನಡುವೆಯೂ 3 ಸೆಂ.ಮೀ. ಅಂತರ ಇರಲಿ, ಇಲ್ಲವಾದರೆ ಒಂದನ್ನು ಆಡಿಸಿದಾಗ ಇನ್ನೊಂದೂ ಕದಲುತ್ತದೆ. ಅಕ್ಷ ತಿರುಗುಮುರುಗಾಗಿದ್ದರೆ ಗಾಬರಿ ಬೇಡ, ಆಟದ ಸೆಟ್ಟಿಂಗ್‌ನಲ್ಲೇ ತಿರುಗಿಸಬಹುದು.

ಉದ್ದ ಹೆಚ್ಚಿಸುವುದು

ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ದೊಡ್ಡ ಲಾಭ ಕೊಡುವ ತಿದ್ದುಪಡಿ ಇನ್ನೊಂದಿಲ್ಲ. ಗಿಂಬಲ್‌ನ ಕೀಲಿನಿಂದ ಕೈಗೆ 20 ಸೆಂ.ಮೀ. ಇದ್ದಾಗ ಒಂದು ಡಿಗ್ರಿಗೆ ಕೈ ಸರಿಯುವುದು ಮೂರೂವರೆ ಮಿಲಿಮೀಟರ್. 20 ಸೆಂ.ಮೀ. ನಳಿಕೆ ಸೇರಿಸಿದರೆ ಅದೇ ಡಿಗ್ರಿಗೆ ಏಳು ಮಿಲಿಮೀಟರ್. ಕೈಯ ನಡುಕ ಅಷ್ಟೇ ಇದ್ದರೂ ವಿಮಾನಕ್ಕೆ ತಲುಪುವ ನಡುಕ ಅರ್ಧವಾಯಿತು. ಸಾಫ್ಟ್‌ವೇರ್‌ನಲ್ಲಿ ಕರ್ವ್ (ಕೋಲಿನ ಚಲನೆಗೆ ವಿಮಾನ ಎಷ್ಟು ಸ್ಪಂದಿಸಬೇಕೆಂಬ ರೇಖೆ) ಬಗ್ಗಿಸಿ ಪಡೆಯಲು ಹೆಣಗುವ ಸೂಕ್ಷ್ಮತೆ ಇಲ್ಲಿ ಪೂರ್ತಿ ಹರವಿನಲ್ಲಿ, ನೇರ ರೇಖೆಯಲ್ಲೇ ಸಿಗುತ್ತದೆ.

ಬೆಲೆಯೂ ತೆರಬೇಕು. ಸನ್ನೆಕೋಲಿನ ನಿಯಮದಂತೆ ಕೈಗೆ ಸಿಗುವ ಸ್ಪ್ರಿಂಗ್ ಬಲ ಅರ್ಧಕ್ಕಿಳಿಯುತ್ತದೆ, ಹಿಡಿಯ ತೂಕ ಬುಡವನ್ನು ಎಳೆಯುವ ಬಲ ದ್ವಿಗುಣವಾಗುತ್ತದೆ. ಅರ್ಧ ಕಿಲೋ ಹಿಡಿ 40 ಸೆಂ.ಮೀ. ಎತ್ತರದಲ್ಲಿ 20 ಡಿಗ್ರಿ ವಾಲಿದಾಗ ಅದರ ತೂಕವೊಂದೇ 0.67 ನ್ಯೂಟನ್ ಮೀಟರ್ ತಿರುಚುಬಲ ಹಾಕುತ್ತದೆ. ಸ್ಪ್ರಿಂಗ್ ಇದನ್ನು ಮೀರಿಸದಿದ್ದರೆ ಕೋಲು ವಾಲಿದಲ್ಲೇ ಬಿದ್ದಿರುತ್ತದೆ. ಆದ್ದರಿಂದ ಉದ್ದ ಹೆಚ್ಚಿಸುವವರು ಬಿಗಿ ಸ್ಪ್ರಿಂಗನ್ನೂ ಜೊತೆಗೇ ತರಿಸಿಕೊಳ್ಳಬೇಕು. ತಟ್ಟೆಯ ಬುಡದ ಕೋಲಿಗೆ 10 ಸೆಂ.ಮೀ.ಗಿಂತ ಹೆಚ್ಚು ಸೇರಿಸುವುದು ಜಾಣತನವಲ್ಲ, ಕೀಲಿನ ಪ್ಲಾಸ್ಟಿಕ್ ತಡೆಯದು.

ಉದ್ದ ಕೋಲು ಮೇಜಿನ ಮೇಲೆ ಕೂರದು. ಕುರ್ಚಿಯ ಮುಂದೆ, ತೊಡೆಗಳ ನಡುವೆ, ಮೊಣಕೈಯೋ ಮುಂಗೈಯೋ ತೊಡೆಯ ಮೇಲೆ ಒರಗುವ ಎತ್ತರಕ್ಕೆ ಬುಡವನ್ನು ಬೋಲ್ಟ್ ಹಾಕಿ ಕೂರಿಸಿ. 40 ಮಿ.ಮೀ. ಚೌಕದ ಅಲ್ಯುಮಿನಿಯಂ ಪ್ರೊಫೈಲ್ ಇದಕ್ಕೆ ಹೇಳಿ ಮಾಡಿಸಿದ್ದು. ಗಾಳಿ ಹೀರುವ ರಬ್ಬರ್ ಬಟ್ಟಲುಗಳನ್ನು ನಂಬಬೇಡಿ. ಬುಡ ಒಂದು ಮಿಲಿಮೀಟರ್ ಎದ್ದರೂ ಸೆನ್ಸರ್‌ನ ಸೂಕ್ಷ್ಮತೆಯೆಲ್ಲ ನೀರುಪಾಲು.

ಹೊಸದಾಗಿ ಕಟ್ಟುವುದು

3ಡಿ ಪ್ರಿಂಟರ್ ಇದ್ದರೆ ಗಿಂಬಲ್ ಕಟ್ಟುವುದು ಕಷ್ಟವಲ್ಲ, ಕಷ್ಟವಿರುವುದು ಸಡಿಲವಿಲ್ಲದಂತೆ ಕಟ್ಟುವುದರಲ್ಲಿ. ಎಲ್ಲೆಡೆ ಸಿಗುವ 608 ಬೇರಿಂಗ್ ನಾಲ್ಕು ಸಾಕು, ಅಕ್ಷಕ್ಕೆ ಎರಡರಂತೆ. ಅದರ ಒಳವ್ಯಾಸ 8, ಹೊರವ್ಯಾಸ 22, ದಪ್ಪ 7 ಮಿ.ಮೀ. ಪ್ರಿಂಟ್ ಮಾಡಿದ ರಂಧ್ರ ಸಾಮಾನ್ಯವಾಗಿ ಕಿರಿದಾಗಿಯೇ ಬರುತ್ತದೆ, 22.1 ಅಥವಾ 22.2 ಇಟ್ಟು ಮೊದಲು ಒಂದು ಬಳೆಯನ್ನಷ್ಟೇ ಪ್ರಿಂಟ್ ಮಾಡಿ ಬೇರಿಂಗ್ ಕೂರಿಸಿ ನೋಡಿ. ಹೆಬ್ಬೆರಳ ಬಲಕ್ಕೆ ಒಳಗೆ ಹೋಗಿ, ಅಲ್ಲಾಡಿಸಿದರೆ ಬೀಳಬಾರದು. ಒಂದು ದಂಡದ ಎರಡು ಬೇರಿಂಗ್‌ಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಕೋಲಿನ ತುದಿಯಲ್ಲಿ ಸಡಿಲ ಕಡಿಮೆ, 50 ಮಿ.ಮೀ.ಗೆ ಕಮ್ಮಿ ಬೇಡ. ಎಂ8 ಬೋಲ್ಟ್‌ಗೆ ತೆಳು ವಾಷರ್ ಹಾಕಿ, ನೈಲಾನ್ ನಟ್ಟನ್ನು ಅಡ್ಡ ಅಲುಗಾಟ ನಿಲ್ಲುವವರೆಗಷ್ಟೇ ಬಿಗಿಸಿ. ಇನ್ನೂ ಬಿಗಿಸಿದರೆ ಬೇರಿಂಗ್ ಗುಂಡುಗಳು ಕರಕರ ಎನ್ನತೊಡಗುತ್ತವೆ, ಅದು ನಡುಬಿಂದುವಿನಲ್ಲೇ ಕೈಗೆ ತಾಗುತ್ತದೆ.

ಪಿಎಲ್‌ಎ ಎಂಬ ಪ್ರಿಂಟರ್ ಪ್ಲಾಸ್ಟಿಕ್ ನೋಡಲು ಗಟ್ಟಿ, ಆದರೆ ಸತತ ಸ್ಪ್ರಿಂಗ್ ಒತ್ತಡದಲ್ಲಿ ತಿಂಗಳುಗಳು ಕಳೆದಂತೆ ನಿಧಾನಕ್ಕೆ ಬಾಗಿಬಿಡುತ್ತದೆ, 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಬುಡಕ್ಕೆ ಪಿಇಟಿಜಿ ಪ್ಲಾಸ್ಟಿಕ್ ಇರಲಿ, ಹೊರಗೋಡೆ ನಾಲ್ಕು ಸುತ್ತು, ಒಳತುಂಬು ಶೇ 40. ಪದರಗಳು ಬಲದ ದಿಕ್ಕಿಗೆ ಅಡ್ಡವಾಗಿ ಸೀಳದಂತೆ ಭಾಗವನ್ನು ಮಲಗಿಸಿ ಪ್ರಿಂಟ್ ಮಾಡಿ. ಕ್ಯಾಮ್‌ನ ಮೇಲ್ಮೈಯನ್ನು ಸಣ್ಣ ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಲೇಬೇಕು, ಇಲ್ಲದಿದ್ದರೆ ಪ್ರತಿ ಪದರವೂ ಬೆರಳಿಗೆ ಎಣಿಸಲು ಸಿಗುತ್ತದೆ. ಕ್ಯಾಮ್ ಮೇಲೆ ಉರುಳಲು 10 ಮಿ.ಮೀ. ಹೊರವ್ಯಾಸದ 623 ಬೇರಿಂಗ್ ಚೆನ್ನ. ಸ್ಪ್ರಿಂಗ್‌ಗಳನ್ನು ಒಂದೇ ಉದ್ದದ ಮೂರು ಬಿಗಿಯಲ್ಲಿ ತರಿಸಿಕೊಳ್ಳಿ. ಯಾವುದು ಹೊಂದುತ್ತದೆ ಎಂದು ಲೆಕ್ಕದಲ್ಲಿ ತಿಳಿಯುವುದಕ್ಕಿಂತ ಕೈಯಲ್ಲಿ ತಿಳಿಯುವುದು ಬೇಗ. ಹೆಲಿಕಾಪ್ಟರ್‌ಗೆ ಮಾತ್ರ ಕ್ಯಾಮ್ ಸ್ಪ್ರಿಂಗ್ ತೆಗೆದುಬಿಟ್ಟು, ದಂಡಕ್ಕೆ ಫೆಲ್ಟ್ ವಾಷರ್ ಒತ್ತಿ ಹದವಾದ ಉಜ್ಜಾಟ ಕೊಡಿ.

ಕೋಲಿನ ಮಿದುಳಾಗುವ ಮೈಕ್ರೊಕಂಟ್ರೋಲರ್ ಬೋರ್ಡ್‌ಗೆ ಎರಡು ದಾರಿ. ಎಟಿಮೆಗಾ32ಯು4 ಇರುವ ಅರ್ಡುಯಿನೋ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ತಾನೇ ಯುಎಸ್‌ಬಿ ಜಾಯ್‌ಸ್ಟಿಕ್ಕಾಗಿ ಕಾಣಿಸಿಕೊಳ್ಳುತ್ತದೆ. ಸಾಮಾನ್ಯ ಉನೊಗೆ ಆ ಸಾಮರ್ಥ್ಯ ಇಲ್ಲ. 32ಯು4ರ ಎಡಿಸಿ 10 ಬಿಟ್, ಆದ್ದರಿಂದ 5 ವೋಲ್ಟ್‌ನ ಎಸ್‌ಎಸ್495ಎ ಅದಕ್ಕೆ ಒಳ್ಳೆ ಜೋಡಿ. 16 ಸಲ ಓದಿ ಸರಾಸರಿ ತೆಗೆದರೆ, ಸಂಕೇತದಲ್ಲಿ ಸ್ವಲ್ಪ ಸಹಜ ನಡುಕ ಇದ್ದಲ್ಲಿ, ಇನ್ನೆರಡು ಬಿಟ್ ಗಿಟ್ಟುತ್ತದೆ.

ಇನ್ನೊಂದು ಎಸ್‌ಟಿಎಂ32ಎಫ್103ಸಿ8 ಚಿಪ್ಪಿನ ಬ್ಲೂ ಪಿಲ್ ಬೋರ್ಡ್ ಮತ್ತು ಫ್ರೀಜಾಯ್ ಫರ್ಮ್‌ವೇರ್. 12 ಬಿಟ್ ಎಡಿಸಿ, 8 ಅಕ್ಷ, 128 ಗುಂಡಿ. ಒಂದು ಸಾಲು ಕೋಡ್ ಬರೆಯಬೇಕಿಲ್ಲ. ಎಸ್‌ಟಿ-ಲಿಂಕ್ ಎಂಬ ಪ್ರೋಗ್ರಾಮರ್ ಸಾಧನದ ನಾಲ್ಕು ತಂತಿ ಜೋಡಿಸಿ ಫರ್ಮ್‌ವೇರ್ ತುಂಬಿ, ಕಾನ್ಫಿಗರೇಟರ್‌ನಲ್ಲಿ ಎ0ಯಿಂದ ಎ7ರವರೆಗಿನ ಪಿನ್‌ಗಳಲ್ಲಿ ಬೇಕಾದವನ್ನು ಅನಲಾಗ್ ಅಕ್ಷವೆಂದು ಗುರುತಿಸಿ, ಕ್ಯಾಲಿಬ್ರೇಟ್ ಮಾಡಿ, ಸಂರಚನೆಯನ್ನು ಬೋರ್ಡ್‌ಗೆ ಬರೆಯಿರಿ. ಒಂದು ಎಚ್ಚರಿಕೆ: ಈ ಎಂಟು ಪಿನ್‌ಗಳು 5 ವೋಲ್ಟ್ ತಡೆಯುವುದಿಲ್ಲ. ಸೆನ್ಸರ್‌ಗೆ ಬೋರ್ಡ್‌ನ 3.3 ವೋಲ್ಟನ್ನೇ ಕೊಡಬೇಕು. ಎಸ್‌ಎಸ್49ಇ 2.7 ವೋಲ್ಟಿನಿಂದಲೇ ನಡೆಯುವುದರಿಂದ ಅದಕ್ಕೆ ತೊಂದರೆಯಿಲ್ಲ. ಎಸ್‌ಎಸ್495ಎಗೆ ಕನಿಷ್ಠ 4.5 ಬೇಕು, ಅದು ಇಲ್ಲಿ ಹೊಂದದು. ಎಎಸ್5600 ಎರಡು ಹಾಕುವ ಆಸೆಯಿದ್ದರೆ, ಆ ಚಿಪ್ಪಿನ ವಿಳಾಸ ಬದಲಿಸಲಾಗದು, ಒಂದೇ ಸಾಲಿನಲ್ಲಿ ಎರಡು ಕೂತರೆ ಜಗಳವಾಡುತ್ತವೆ ಎಂಬುದೂ ನೆನಪಿರಲಿ. ಫಿಲ್ಟರ್ ಮಟ್ಟವನ್ನು ಅಂಕಿ ನಿಲ್ಲುವಷ್ಟು ಮಾತ್ರ ಏರಿಸಿ. ಫಿಲ್ಟರ್ ಎಂದರೆ ಸರಾಸರಿ, ಸರಾಸರಿ ಎಂದರೆ ವಿಳಂಬ.

ಗುಂಡಿಗಳಿಗೆ ಒಂದೊಂದು ಪಿನ್ ಕೊಡುತ್ತಾ ಹೋದರೆ ಪಿನ್ನೂ ಮುಗಿಯುತ್ತದೆ, ಹಿಡಿಯೊಳಗೆ ತಂತಿಗೆ ಜಾಗವೂ ಮುಗಿಯುತ್ತದೆ. ಐದು ಸಾಲು, ಐದು ಕಂಬದ ಮ್ಯಾಟ್ರಿಕ್ಸ್‌ನಲ್ಲಿ 25 ಗುಂಡಿಗೆ 10 ತಂತಿ ಸಾಕು. ಪ್ರತಿ ಗುಂಡಿಗೂ ಒಂದು 1ಎನ್4148 ಡಯೋಡ್, ಎಲ್ಲವೂ ಒಂದೇ ದಿಕ್ಕಿಗೆ. ಡಯೋಡ್ ಬಿಟ್ಟರೆ, ಚೌಕದ ಮೂರು ಮೂಲೆಯ ಗುಂಡಿ ಒಟ್ಟಿಗೆ ಒತ್ತಿದಾಗ ನಾಲ್ಕನೆಯದೂ ಒತ್ತಿದಂತೆ ಕಾಣುತ್ತದೆ. ಟ್ರಿಗರ್ ಹಿಡಿದು ಹ್ಯಾಟ್ ಆಡಿಸುವ ಯುದ್ಧವಿಮಾನದಲ್ಲಿ ಅದು ಆಗೇ ಆಗುತ್ತದೆ. ಹಿಡಿಯನ್ನು ಕಳಚಿ ಹಾಕುವಂತೆ ಮಾಡುವುದಾದರೆ 74ಎಚ್‌ಸಿ165 ಶಿಫ್ಟ್ ರಿಜಿಸ್ಟರ್ ಮೂರನ್ನು ಹಿಡಿಯೊಳಗೇ ಇಡಿ. 24 ಗುಂಡಿಗೆ ಐದೇ ತಂತಿ ಹೊರಬರುತ್ತದೆ: ವಿದ್ಯುತ್, ನೆಲ, ಕ್ಲಾಕ್, ಲ್ಯಾಚ್, ಡೇಟಾ. ಪ್ರತಿ ಒಳಹರಿವಿಗೂ 10 ಕಿಲೋಓಮ್ ರೋಧಕ ಬೇಕು, ಇಲ್ಲದಿದ್ದರೆ ತೇಲುವ ಪಿನ್ ತಾನಾಗಿ ಒತ್ತಿಕೊಳ್ಳುತ್ತದೆ. ತಂತಿ 28 ಅಥವಾ 30 ಗೇಜಿನ ಸಿಲಿಕೋನ್ ಹೊದಿಕೆಯದಿರಲಿ. ಕೋಲು ನಾಲ್ಕೂ ಮೂಲೆಗೆ ವಾಲಿದಾಗ ಎಳೆಯದಂತೆ ಒಂದು ಸುತ್ತು ಸಡಿಲ ಬಿಟ್ಟು, ಎರಡೂ ತುದಿಯನ್ನು ಕಟ್ಟಿಹಾಕಿ. ಕಟ್ಟಿದ ಕೋಲುಗಳಲ್ಲಿ ಮೊದಲು ಕೈಕೊಡುವುದು ಸೆನ್ಸರಲ್ಲ, ಕತ್ತಿನ ಬಳಿ ಮಡಚಿ ಮಡಚಿ ತುಂಡಾಗುವ ಈ ತಂತಿಯೇ.

ಸಾಫ್ಟ್‌ವೇರ್‌ಗೆ ಬಿಡಬೇಕಾದ್ದು

ಬುಡ ಸರಿಯಾಗಿದ್ದರೆ ಡೆಡ್‌ಝೋನ್ (ಕೋಲು ಅಲುಗಿದರೂ ಲೆಕ್ಕಕ್ಕೆ ಬಾರದ ನಡುಜಾಗ) ಸೊನ್ನೆ ಇಡಿ. ಹಳೆಯ ಪಾಟ್ ಕೋಲಿಗೆ ಶೇ 2 ಸಾಕು. ಅದನ್ನು ಹೆಚ್ಚಿಸಿದಷ್ಟೂ ನಡುವಿನಲ್ಲಿ ಸತ್ತ ಜಾಗ ಬೆಳೆಯುತ್ತದೆ. ಜೊತೆಹಾರಾಟದಲ್ಲಿ ಕೈ ಆ ಜಾಗ ದಾಟಿ ತಿದ್ದುತ್ತದೆ, ಹೆಚ್ಚಾಯಿತೆಂದು ಹಿಂದೆಳೆಯುತ್ತದೆ, ಮತ್ತೆ ದಾಟುತ್ತದೆ. ವಿಮಾನ ಏರಿಳಿಯುತ್ತಲೇ ಇರುತ್ತದೆ. ಕರ್ವ್ ಬೇಕಿದ್ದರೆ ಒಂದೇ ಕಡೆ ಹಾಕಿ. ಕೋಲಿನ ತಂತ್ರಾಂಶದಲ್ಲೊಂದು, ಆಟದಲ್ಲೊಂದು ಹಾಕಿದರೆ ಎರಡೂ ಗುಣಿಸಿಕೊಂಡು ನಡು ಮಂಕಾಗಿ, ಅಂಚು ಹುಚ್ಚಾಗುತ್ತದೆ. ಗಿಡ್ಡ ಕೋಲಿಗೆ ಡಿಸಿಎಸ್ ಎಂಬ ಯುದ್ಧವಿಮಾನ ಸಿಮ್ಯುಲೇಟರ್‌ನಲ್ಲಿ 15ರಿಂದ 20ರ ಕರ್ವ್ ಸಹಜ, ಉದ್ದ ಕೋಲಿಗೆ ಅದೂ ಬೇಡ.

ಡಿಸಿಎಸ್ ಹೊಸ ಸಾಧನ ಕಂಡ ಕೂಡಲೇ ಅದರ ಅಕ್ಷಗಳಿಗೆ ತಾನೇ ಕೆಲಸ ಹಂಚಿಬಿಡುತ್ತದೆ. ಪೆಡಲ್ ತುಳಿದರೆ ಮೂಗು ಏಳುತ್ತಿದೆ ಎಂದರೆ ಸೆನ್ಸರ್ ಬಿಚ್ಚುವ ಮೊದಲು ಆ ಪಟ್ಟಿ ತೆರೆದು ನಕಲುಗಳನ್ನು ಅಳಿಸಿ. ಸ್ವಂತ ಕ್ಯಾಲಿಬ್ರೇಶನ್ ಇರುವ ಕೋಲನ್ನು ವಿಂಡೋಸ್‌ನಲ್ಲಿ ಮತ್ತೆ ಕ್ಯಾಲಿಬ್ರೇಟ್ ಮಾಡಿದ್ದರೆ ಒಂದು ಕಡೆ ಶೇ 100 ಮುಟ್ಟಿ ಇನ್ನೊಂದು ಕಡೆ 90ಕ್ಕೇ ನಿಲ್ಲುವುದುಂಟು. ವಿಂಡೋಸ್‌ನದನ್ನು ಮೂಲಸ್ಥಿತಿಗೆ ತಂದು ಕೋಲಿನದನ್ನಷ್ಟೇ ಉಳಿಸಿ. ಹಾರುತ್ತಿದ್ದಂತೆ ಕೋಲು ಕೆಲವು ಕ್ಷಣ ಮಾಯವಾಗಿ ಮರಳುತ್ತಿದ್ದರೆ ವಿದ್ಯುತ್ ಉಳಿತಾಯದ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ, ಸ್ವಂತ ವಿದ್ಯುತ್ ಇಲ್ಲದ ಹಬ್ ಬಿಟ್ಟು ನೇರ ಕಂಪ್ಯೂಟರ್‌ಗೆ ಚುಚ್ಚಿ ನೋಡಿ. ಆಗಲೂ ಮಾಯವಾದರೆ ಮಲ್ಟಿಮೀಟರ್ ತೆಗೆದುಕೊಂಡು ಕೇಬಲ್ ಬುಡದೊಳಗೆ ಹೋಗುವ ಜಾಗದಿಂದ ಪರೀಕ್ಷೆ ಶುರು ಮಾಡಿ.